ಪಕ್ಕದ ಸೀಟಿನ ಬುರ್ಮಕಾನ್

ಸೊಸ್ನೋವ್ಕಾ ಊರಿನ ಕೊನೆಯ ಮನೆ ದಾಟಿದರೆ ರಸ್ತೆ ನೇರ ಬೆಟ್ಟದ ಸಂದಿಗೆ ನುಗ್ಗುತ್ತದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆಯಿಂದ ಎದ್ದ ಮಂಜು ಪಾಪ್ಲರ್ ಮರಗಳ ಸೊಂಟದವರೆಗೆ ಬಂದು ಅಲ್ಲೇ ನಿಂತಿದೆ. ಮರಗಳ ತುದಿಗಳಷ್ಟೇ ಮೇಲೆ ತೇಲುತ್ತಿವೆ. ಜಿಪಾರಳ ಚಹಾದಂಗಡಿಯ ತಂದೂರಿನಿಂದ ಮೊದಲ ರೊಟ್ಟಿಯ ವಾಸನೆ ಬರುತ್ತಿದೆ. ಅಂಗಡಿಯ ಮುಂದಿನ ಹಲಗೆಯ ಮೇಲೆ, ತೋಳಿಲ್ಲದ ಉಣ್ಣೆಯಂಗಿ ತೊಟ್ಟು, ತಲೆಗೆ ಹೂಚಿತ್ತಾರದ ಚೌಕ ಕಟ್ಟಿ ಬುರ್ಮಕಾನ್ ಕೂತಿದ್ದಾರೆ. ಎರಡೂ ಕೈ ಚಹಾದ ಬಟ್ಟಲನ್ನು ಅಪ್ಪಿವೆ. ಕಣ್ಣು ಮುಚ್ಚಿವೆ. ನಿದ್ದೆಯಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ.

ಮಂಜಿನ ಕೆಳಗೆಲ್ಲೋ ಒಂದು ಕಾರು ಏರು ಹತ್ತುತ್ತಿದೆ. ಹೊಳೆಯ ಮೊರೆತದಲ್ಲಿ ಕಲಸಿಹೋಗುವ ಆ ಸದ್ದನ್ನು ಅವರು ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಬೇರೆ ಮಾಡುತ್ತಾರೆ. “ಹೊಸ ಗಾಡಿ. ನಾಲ್ಕನೇ ಗೇರಲ್ಲೇ ಎಳೀತಿದಾನೆ. ಅದಕ್ಕೆ ಉಸಿರು ಕಟ್ತಿದೆ, ಇವನು ಇನ್ನೂ ತುಳೀತಿದಾನೆ,” ಎನ್ನುತ್ತಾರೆ. ಜಿಪಾರ್ ತಂದೂರಿನೊಳಕ್ಕೆ ಬಗ್ಗಿಕೊಂಡೇ, “ಹಾಗಾದ್ರೆ ನಿಮ್ಮ ಗಿರಾಕೀನೇ,” ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಬೆಳ್ಳನೆಯ ಕಾರೊಂದು ಮೂಡಿ ಬಂದು ನಿಲ್ಲುತ್ತದೆ. ಚಾಲಕ ಇಳಿದು ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳುತ್ತಾನೆ. “ಎಜೆ, ನಿಮ್ಮ ಹೆಸರು ಕೇಳ್ಕೊಂಡು ಬಂದೆ. ಪಕ್ಕದ ಸೀಟು ಖಾಲಿ ಇಟ್ಟಿದೀನಿ.” ಎಜೆ ಎಂದರೆ ಅಕ್ಕ. ಈ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಅವರು ಎಜೆಯೇ.

ಬುರ್ಮಕಾನ್ ಗಾಡಿ ಓಡಿಸುವುದಿಲ್ಲ, ರಿಪೇರಿಯನ್ನೂ ಮಾಡುವುದಿಲ್ಲ. ಚಾಲಕನ ಪಕ್ಕ ಕೂರುತ್ತಾರೆ, ಅಷ್ಟೆ. ರಾಜಧಾನಿ ಬಿಷ್ಕೆಕ್‌ನಿಂದ ತೆಂಕಣದ ಓಶ್‌ಗೆ ಜನ ಸಾಗಿಸುವ ಚಾಲಕರಲ್ಲಿ ಯಾರ ಹೊಸ ಕಾರು ಮೈಲೇಜು ಕೊಡುತ್ತಿಲ್ಲವೋ ಅವರು ಇಲ್ಲಿ ನಿಲ್ಲಿಸಿ ಅವರನ್ನು ಹತ್ತಿಸಿಕೊಳ್ಳುತ್ತಾರೆ. ತೊ-ಅಶೂ ಘಾಟಿ ಹತ್ತಿ, ತುದಿಯ ಸುರಂಗ ದಾಟಿ, ಆಚೆಗಿನ ಸುಸಾಮಿರ್ ಹುಲ್ಲುಗಾವಲಿಗೆ ಇಳಿಯುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಅಲ್ಲಿ ಇಳಿದು, ಎದುರಿನಿಂದ ಬರುವ ಇನ್ನೊಂದು ಗಾಡಿ ಹತ್ತಿ ವಾಪಸು ಮನೆಗೆ. ಹೋಗುತ್ತ ಒಬ್ಬ ಶಿಷ್ಯ, ಬರುತ್ತ ಇನ್ನೊಬ್ಬ. ಇಷ್ಟು ಕೊಡಿ ಎಂದು ಅವರು ಕೇಳಿದ್ದಿಲ್ಲ. ತೆಂಕಣದವರು ಅಕ್ಕಿ, ಒಣ ಏಪ್ರಿಕಾಟು ತಂದುಕೊಡುತ್ತಾರೆ, ಬಡಗಿನವರು ಸಕ್ಕರೆ, ಚಹಾಪುಡಿ. ಒಬ್ಬ ಒಂದು ಕುರಿಮರಿಯನ್ನೇ ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿದ್ದ.

ಅವರ ಗಂಡ ಶೆರಾಲಿ ಮನೆಯ ಹಿಂದೆ ಆಲೂಗಡ್ಡೆ ಬೆಳೆಯುತ್ತಾರೆ. ಹೆಂಡತಿಯ ಕಸುಬಿನ ಬಗ್ಗೆ ಕೇಳಿದರೆ ಗುದ್ದಲಿಗೆ ಗದ್ದ ಊರಿ ನಿಂತು ಹೇಳುತ್ತಾರೆ: “ದಿನಾ ಬೆಳಿಗ್ಗೆ ಒಬ್ಬನ ಜತೆ ಹೋಗ್ತಾಳೆ, ಸಾಯಂಕಾಲ ಬೇರೊಬ್ಬನ ಜತೆ ಬರ್ತಾಳೆ. ಇಬ್ಬರ ಹತ್ರಾನೂ ಪೆಟ್ರೋಲಿನ ಮಾತೇ ಅಂತೆ. ನಾನು ನಂಬಿದೀನಿ.”

ಈಚಿನ ವರ್ಷಗಳಲ್ಲಿ ಈ ರಸ್ತೆಗೆ ಬರುತ್ತಿರುವ ಹೊಸ ಕಾರುಗಳ ಇಂಜಿನ್ನು ಚಿಕ್ಕದು, ಜತೆಗೊಂದು ಟರ್ಬೊ ಇರುತ್ತದೆ. ಹೊರಹೋಗುವ ಬಿಸಿ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುರುಕುವ ಪುಟ್ಟ ಚಕ್ರ ಅದು. ಗಾಳಿ ಹೆಚ್ಚಾದಂತೆ ಪೆಟ್ರೋಲೂ ಹೆಚ್ಚು ಸುರಿಯುತ್ತದೆ. ಚಿಕ್ಕ ಇಂಜಿನ್ನು ದೊಡ್ಡದರ ಹಾಗೆ ಎಳೆಯುತ್ತದೆ. ಸಮತಟ್ಟಿನಲ್ಲಿ ಮೆಲ್ಲಗೆ ಹೋದರೆ ಟರ್ಬೊ ಮಲಗಿರುತ್ತದೆ, ಗಾಡಿ ಹಕ್ಕಿಯಷ್ಟೇ ಕುಡಿಯುತ್ತದೆ. ತುಳಿದರೆ ಎದ್ದು ಕೂರುತ್ತದೆ, ಆಗ ಒಂಟೆಯ ದಾಹ. ಈ ಬೆಟ್ಟದ ಚಾಲಕರು ಕೈಯಲ್ಲಿ ಗೇರಿಲ್ಲದ ಕಾರನ್ನು ನಂಬುವುದಿಲ್ಲ, ಹಾಗಾಗಿ ಯಾವ ಗೇರು ಯಾವಾಗ ಎನ್ನುವುದೂ ಅವರ ತಲೆಗೇ ಬಿಟ್ಟಿದ್ದು. “ಅದು ಮನೇಲಿ ಮಲಗಿರೋ ಮುದುಕ ಇದ್ದ ಹಾಗೆ,” ಎನ್ನುತ್ತಾರೆ ಬುರ್ಮಕಾನ್. “ಬೇಕಾದಾಗ ಎಬ್ಬಿಸು, ಕೆಲಸ ಮಾಡ್ಕೊಡ್ತಾನೆ. ಸುಮ್ಮಸುಮ್ಮನೆ ಎಬ್ಬಿಸ್ತಾ ಇದ್ರೆ ಎದ್ದಾಗಲೆಲ್ಲ ಊಟ ಕೇಳ್ತಾನೆ.”

ಪೆಡಲಿನ ಮೇಲಿನ ಈ ಹಗುರ ಪಾದ ಅವರಿಗೆ ಬಂದಿದ್ದು ಹಾಲಿನಿಂದ. ಅವರಪ್ಪ ಸುಸಾಮಿರ್‌ನಲ್ಲಿ ಸರ್ಕಾರಿ ಹಸುಗಳನ್ನು ಕಾಯುತ್ತಿದ್ದವರು. ಬೇಸಿಗೆಯಲ್ಲಿ ಅಲ್ಲಿ ಕರೆದ ಹಾಲು ಟ್ಯಾಂಕರಿನಲ್ಲಿ ಘಾಟಿ ದಾಟಿ ಕಾರಾ-ಬಾಲ್ಟಾ ಪಟ್ಟಣದ ಡೇರಿಗೆ ಬರಬೇಕಿತ್ತು. ಟ್ಯಾಂಕರಿನ ಚಾಲಕ ಒಂದು ಬೇಸಿಗೆ ಬೆನ್ನುನೋವಿನಿಂದ ಮಲಗಿದಾಗ, ಟ್ರ್ಯಾಕ್ಟರು ಓಡಿಸಿ ಗೊತ್ತಿದ್ದ ಹುಡುಗಿ ಬುರ್ಮಕಾನ್ ಸ್ಟಿಯರಿಂಗ್ ಹಿಡಿದರು. ಆಮೇಲೆ ಅದನ್ನು ಅವರ ಕೈಯಿಂದ ಯಾರೂ ಬಿಡಿಸಲಿಲ್ಲ. ಅರ್ಧ ತುಂಬಿದ ಟ್ಯಾಂಕರಿನಷ್ಟು ಕಷ್ಟದ್ದು ಇನ್ನೊಂದಿಲ್ಲ. ತಟಕ್ಕನೆ ಬ್ರೇಕು ಹಾಕಿದರೆ ಹಿಂದಿನ ಹಾಲೆಲ್ಲ ಅಲೆಯಾಗಿ ಎದ್ದು ಬಂದು ಗಾಡಿಯನ್ನು ತಿರುವಿನಾಚೆಗೆ ನೂಕುತ್ತದೆ. ದಾರಿಯುದ್ದ ಕುಲುಕಿದರೆ ಡೇರಿಯಲ್ಲಿ ಮುಚ್ಚಳ ತೆಗೆದಾಗ ಮೇಲೆ ಬೆಣ್ಣೆಯ ಮುದ್ದೆಗಳು ತೇಲುತ್ತವೆ, ಡೇರಿಯ ಹೆಂಗಸು ಬೈಯುತ್ತಾಳೆ.

“ಹಾಲು ಹಿಂದೆ ಮಲಗಿದೆ, ಎಬ್ಬಿಸಬಾರದು ಅಂತ ಅಂದ್ಕೊಂಡು ಓಡಿಸ್ತಿದ್ದೆ,” ಎನ್ನುತ್ತಾರೆ. “ಬ್ರೇಕು ಹಾಕೋ ಹಾಗೇ ಇಲ್ಲ ಅಂದ್ರೆ ಏನ್ಮಾಡ್ತೀಯ? ತುಂಬಾ ದೂರ ನೋಡ್ತೀಯ. ಮೂರನೇ ತಿರುವಲ್ಲಿ ಕುರಿ ಇದ್ರೆ ಮೊದಲನೇ ತಿರುವಲ್ಲೇ ಕಾಲು ತೆಗೀತೀಯ.” ಆ ದಿನಗಳ ನೆನಪು ಬಂದಾಗ ಅವರ ಬಲಗಾಲು ತಾನಾಗಿ ಮೆಲ್ಲಗೆ ಏರಿ ಇಳಿಯುತ್ತದೆ, ಅವರಿಗೇ ಗೊತ್ತಿಲ್ಲದಂತೆ.

ಹಳೆಯ ಸರ್ಕಾರ ಬಿದ್ದು ದೇಶ ಬದಲಾದಾಗ ಡೇರಿ ಮುಚ್ಚಿತು. ಹಸುಗಳು ಹಂಚಿಹೋದವು. ಪೆಟ್ರೋಲನ್ನು ರಸ್ತೆ ಬದಿಯಲ್ಲಿ ಉಪ್ಪಿನಕಾಯಿಯ ಗಾಜಿನ ಜಾಡಿಗಳಲ್ಲಿ ತುಂಬಿಟ್ಟು ಮಾರುತ್ತಿದ್ದ ಕಾಲ ಅದು. ಬಿಸಿಲು ಬಿದ್ದಾಗ ಜಾಡಿಗಳು ಜೇನಿನ ಹಾಗೆ ಹೊಳೆಯುತ್ತಿದ್ದುವಂತೆ. ಬುರ್ಮಕಾನ್ ಹಳೆಯ ಲಾರಿಯೊಂದನ್ನು ಹಿಡಿದು ಹುಲ್ಲು, ಕಲ್ಲಿದ್ದಲು, ಆಲೂಗಡ್ಡೆ ಸಾಗಿಸಿದರು. ಒಂದು ಜಾಡಿ ಹೆಚ್ಚು ಖರ್ಚಾದರೆ ಮನೆಯಲ್ಲಿ ಅವತ್ತು ಎಣ್ಣೆ ಇಲ್ಲ. ಮೂರು ಮಕ್ಕಳು ಆ ಲಾರಿಯ ಮೇಲೆಯೇ ದೊಡ್ಡವರಾದರು, ಮೂವರಿಗೂ ಈಗ ಅವರವರ ಸಂಸಾರ.

ಆಮೇಲೆ ಎಡಗಣ್ಣಿಗೆ ಮಬ್ಬು ಕವಿಯಿತು. ಒಂದು ಸಂಜೆ ತಿರುವಿನಲ್ಲಿ ನಿಂತಿದ್ದ ಕತ್ತೆ ಅವರಿಗೆ ಕಾಣಿಸಲೇ ಇಲ್ಲ. ಕತ್ತೆ ತಾನಾಗಿ ಪಕ್ಕಕ್ಕೆ ಸರಿಯಿತು, ಏನೂ ಆಗಲಿಲ್ಲ. ಆದರೆ ಬುರ್ಮಕಾನ್ ಅಲ್ಲೇ ಲಾರಿ ನಿಲ್ಲಿಸಿ, ಶೆರಾಲಿಯನ್ನು ಕರೆಸಿ ಮನೆಗೆ ಓಡಿಸಿಕೊಂಡು ಹೋಗಲು ಹೇಳಿದರು. ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಆ ಚಳಿಗಾಲ ಪೂರ್ತಿ ಜಿಪಾರಳ ಅಂಗಡಿಯ ಕಿಟಕಿ ಪಕ್ಕ ಕೂತು ಹೋಗಿಬರುವ ಗಾಡಿಗಳ ಸದ್ದು ಕೇಳಿದರು. ಹಿಮ ಬಿದ್ದ ರಸ್ತೆಯಲ್ಲಿ ಸದ್ದು ಬೇರೆಯಾಗಿಯೇ ಬರುತ್ತದೆ, ಹತ್ತಿಯಲ್ಲಿ ಸುತ್ತಿಕೊಟ್ಟ ಹಾಗೆ. ಕಣ್ಣು ಕಳೆದುಕೊಂಡಿದ್ದನ್ನು ಕಿವಿ ಒಂದೊಂದಾಗಿ ಎತ್ತಿಟ್ಟುಕೊಳ್ಳುತ್ತಿತ್ತು. ಯಾರೋ ಒಬ್ಬ ಚಾಲಕ ಚಹಾ ಕುಡಿಯುತ್ತ ತನ್ನ ಗಾಡಿಯ ದಾಹದ ಬಗ್ಗೆ ಗೋಳಾಡಿದಾಗ ಅವರು ಬಾಯಿ ತಪ್ಪಿ, ಸೇತುವೆ ಹತ್ತಿರ ಗೇರು ಇಳಿಸೋದನ್ನ ನೀನು ತಡ ಮಾಡ್ತೀಯ, ಅದಕ್ಕೇ, ಎಂದರು. ಅವನು ನಕ್ಕ. ವಾರದ ಮೇಲೆ ರೊಟ್ಟಿ, ಸಕ್ಕರೆ ಹಿಡಿದುಕೊಂಡು ಬಂದು, ಇನ್ನೇನೇನು ತಪ್ಪು ಮಾಡ್ತೀನಿ ಹೇಳಿ, ಎಂದ.

ಎಲ್ಲರೂ ಹಾಗಿಲ್ಲ. ಬೆಟ್ಟದ ಗಂಡಸಿಗೆ ಕುದುರೆ ಸವಾರಿಯ ಬಗ್ಗೆ, ಗಾಡಿಯ ಬಗ್ಗೆ ಬುದ್ಧಿ ಹೇಳಿದರೆ ಮೀಸೆ ಎಳೆದಷ್ಟು ಸಿಟ್ಟು ಬರುತ್ತದೆ. ಲೈಸೆನ್ಸಿಲ್ಲದ ಮುದುಕಿ ನನಗೇನು ಕಲಿಸುತ್ತಾಳೆ ಎಂದವರು ಬಹಳ. ಒಬ್ಬ ಅರ್ಧ ದಾರಿಯಲ್ಲಿ, ಹಿಮದ ತಿರುವಿನಲ್ಲಿ, ಬಾಗಿಲು ತೆಗೆದು ಇಳಿಯಿರಿ ಎಂದ. ಇಳಿದರು. ರಸ್ತೆ ಕೆಲಸದವರ ಗುಡಿಸಿಲಿನವರೆಗೆ ನಡೆದು, ಅವರ ಒಲೆಯ ಮುಂದೆ ಕಾಲು ಕಾಯಿಸಿಕೊಂಡು, ಅವರ ಸಾರು ಕುಡಿದು, ಅವರ ಲಾರಿಯಲ್ಲೇ ಮನೆ ಸೇರಿದರು. “ಅವನ ಮೇಲೆ ಸಿಟ್ಟಿಲ್ಲ,” ಎನ್ನುತ್ತಾರೆ. “ನನ್ನ ಇಳಿಸಿದ ಮೇಲೆ ಒಳ್ಳೇ ಗೇರಲ್ಲೇ ಹೊರಟ. ಕೇಳಿಸ್ಕೊಂಡೆ.”

ಟರ್ಬೊ ಬಂದ ಹೊಸತರಲ್ಲಿ ಅವರ ಪಾಠವೂ ದಾರಿ ತಪ್ಪಿತ್ತು. ಹಳೆಯ ಲಾರಿಯಲ್ಲಿ ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಹಾಕಿ ತೇಲಿಬಿಡುವುದು ಉಳಿತಾಯದ ದಾರಿ. ಹೊಸ ಕಾರಿನವರಿಗೂ ಅದನ್ನೇ ಹೇಳಿಕೊಟ್ಟರು. ಒಬ್ಬನ ಬ್ರೇಕು ಇಳಿಜಾರಿನಲ್ಲಿ ಸುಟ್ಟ ವಾಸನೆ ಬರುವಷ್ಟು ಬಿಸಿಯಾಯಿತು. ಕಾರಾ-ಬಾಲ್ಟಾದ ಮೆಕ್ಯಾನಿಕ್ ರಫ್ಕಾತ್ ಆ ಗಾಡಿ ನೋಡಿ, ಯಾರು ಹೇಳಿಕೊಟ್ಟರೆಂದು ವಿಚಾರಿಸಿ, ತಾನೇ ಸೊಸ್ನೋವ್ಕಾಕ್ಕೆ ಬಂದ. ಬೈಯಲಿಲ್ಲ. ತನ್ನ ಶೆಡ್ಡಿಗೆ ಕರೆದೊಯ್ದು ಬಿಚ್ಚಿಟ್ಟ ಇಂಜಿನ್ನೊಂದನ್ನು ತೋರಿಸಿದ. ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಹೊಸ ಇಂಜಿನ್ನು ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ, ಚಕ್ರಗಳೇ ಅದನ್ನು ತಿರುಗಿಸುತ್ತವೆ, ಗಾಡಿಯೂ ಹಿಡಿತದಲ್ಲಿರುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಉಸಿರು ಉಳಿಸಿಕೊಳ್ಳಲು ಅದು ಕುಡಿಯಲೇಬೇಕು ಎಂದು ಬಿಡಿಸಿ ಹೇಳಿದ. ಬುರ್ಮಕಾನ್ ಆ ತಿಂಗಳೆಲ್ಲ ಮಧ್ಯಾಹ್ನ ಅವನ ಶೆಡ್ಡಿನ ಸ್ಟೂಲಿನ ಮೇಲೆ ಕೂತು ಕೇಳಿ ಕಲಿತರು. ಆಮೇಲೆ ಜಿಪಾರಳ ಅಂಗಡಿಯಲ್ಲಿ ತಮ್ಮ ಹಳೆಯ ಶಿಷ್ಯರನ್ನು ಒಬ್ಬೊಬ್ಬರನ್ನೇ ಹಿಡಿದು, ನಾನು ಹೇಳಿದ್ದು ತಪ್ಪು, ಮತ್ತೆ ಕೂರು, ಎಂದರು. “ಅರವತ್ತು ದಾಟಿದ ಮೇಲೆ ಮತ್ತೆ ಶಾಲೆಗೆ ಸೇರಿದೆ. ರಫ್ಕಾತ್ ಒಳ್ಳೆ ಮೇಷ್ಟ್ರು. ಹೊಡೆಯಲ್ಲ,” ಎಂದು ನಗುತ್ತಾರೆ.

ಕಳೆದ ವರ್ಷ ಬೇಸಿಗೆಯ ಮೊದಲಿಗೆ ಅವರ ಬಳಿಗೆ ಎಸೆನ್‌ಗುಲ್ ಬಂದ. ಅವನ ಕತೆ ಹೇಳುವಾಗ ಬುರ್ಮಕಾನ್ ದನಿ ತಗ್ಗಿಸುತ್ತಾರೆ.

ಎಸೆನ್‌ಗುಲ್ ಏಳು ವರ್ಷ ರಷ್ಯಾದ ದೊಡ್ಡ ಊರೊಂದರಲ್ಲಿ ವ್ಯಾನಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ ಮಾಡಿದವನು. ಮಗಳು ಬೆಗಾಯಿಮ್ ಹುಟ್ಟಿದಾಗ, ನಡೆದಾಗ, ಮಾತು ಕಲಿತಾಗ ಅವನು ಅಲ್ಲೇ ಇದ್ದ. ಕೊನೆಗೊಮ್ಮೆ ಮನೆಗೆ ಬಂದಾಗ ಮಗು ಅವನ ಮುಖ ನೋಡಿ, ಒಳಗೆ ಹೋಗಿ ಅಮ್ಮನ ಫೋನು ತಂದು, ಅದರೊಳಗೆ ಅಪ್ಪನನ್ನು ಹುಡುಕಿತು. ಅವತ್ತೇ ಅವನು ಇನ್ನು ಹೋಗುವುದಿಲ್ಲ ಎಂದು ನಿಶ್ಚಯಿಸಿದ. ಕೂಡಿಟ್ಟಿದ್ದನ್ನೆಲ್ಲ ಸುರಿದು ಹೊಸ ಕಾರು ಕೊಂಡ. ಗೇರಿನದು, ಟರ್ಬೊ ಇದ್ದದ್ದು. ಓಶ್‌ಗೆ ಜನ ಸಾಗಿಸಿಕೊಂಡು ಊರಲ್ಲೇ ಇದ್ದುಬಿಡುವುದು ಅವನ ಆಸೆ.

ಕಾರು ಆ ಆಸೆಯನ್ನು ಕುಡಿಯತೊಡಗಿತು. ಮಾರಿದವರು ಹೇಳಿದ ಲೆಕ್ಕಕ್ಕೂ ಅದು ಕುಡಿಯುವುದಕ್ಕೂ ತಾಳೆಯೇ ಇಲ್ಲ. ಬಿಷ್ಕೆಕ್‌ನಲ್ಲಿ ತುಂಬಿಸಿದ್ದು ಅರ್ಧ ದಾರಿಯ ತೊಕ್ತೊಗುಲ್‌ಗೇ ಮುಕ್ಕಾಲು ಮುಗಿದು, ಮತ್ತೆ ತುಂಬಿಸಬೇಕು. ಓಶ್ ಮುಟ್ಟುವಷ್ಟರಲ್ಲಿ ಪ್ರಯಾಣಿಕರು ಕೊಟ್ಟಿದ್ದರಲ್ಲಿ ಉಳಿಯುವುದು ಕೈಗಂಟಿದ ಧೂಳಷ್ಟೆ. ಗಾಳಿಯ ಫಿಲ್ಟರು ಬದಲಾಯಿಸಿದ, ಪ್ಲಗ್ಗು ಬದಲಾಯಿಸಿದ. ಟ್ಯಾಂಕಿಗೆ ಹಾಕುವ ಯಾವುದೋ ಮಾತ್ರೆಯನ್ನು ಸಂತೆಯಲ್ಲಿ ಕೊಂಡು ತಂದು ಹಾಕಿದ. ಟರ್ಬೊದ ಕೊಳವೆಯನ್ನೇ ಕಿತ್ತು ಹಾಕು ಎಂದ ಭಾವಮೈದ. ರಫ್ಕಾತ್‌ನ ಶೆಡ್ಡಿಗೆ ಹೋದರೆ ಅವನು ಎಲ್ಲ ನೋಡಿ, ಗಾಡಿಗೆ ಏನೂ ಆಗಿಲ್ಲ, ಬುರ್ಮಕಾನ್ ಎಜೆಯನ್ನು ಪಕ್ಕ ಕೂರಿಸಿಕೊಂಡು ಒಂದು ಸಲ ಘಾಟಿ ಹತ್ತಿ ಬಾ, ಎಂದ. ಎಸೆನ್‌ಗುಲ್‌ಗೆ ಅವಮಾನವಾಯಿತು. ಏಳು ವರ್ಷ ಹಿಮದ ಊರಿನಲ್ಲಿ ಓಡಿಸಿದವನು ಅಜ್ಜಿಯ ಹತ್ತಿರ ಪಾಠ ಹೇಳಿಸಿಕೊಳ್ಳಬೇಕೇ? ಕಾರಿಗೆ ಗಿರಾಕಿ ಹುಡುಕಿದ. ಶನಿವಾರ ಬಂದು ಒಯ್ಯುತ್ತೇನೆ ಎಂದು ಒಬ್ಬ ಒಪ್ಪಿಕೊಂಡ. ಅದು ಹೋದ ಮೇಲೆ ಮತ್ತೆ ವ್ಯಾನು, ಮತ್ತೆ ಫೋನಿನ ಅಪ್ಪ. ಅವನ ಹೆಂಡತಿ ಅಳಲಿಲ್ಲ, ಜಗಳವಾಡಲಿಲ್ಲ. ಮಾರುವ ಮುಂಚೆ ಒಂದು ಸಲ ಹೋಗಿ ಬಾ, ಅಷ್ಟೇ ನಾನು ಕೇಳೋದು, ಎಂದಳು. ಶನಿವಾರಕ್ಕೆ ಎರಡು ದಿನ ಇದೆ ಎನ್ನುವಾಗ ಅವನು ಖಾಲಿ ಕಾರಿನಲ್ಲಿ ಸೊಸ್ನೋವ್ಕಾಕ್ಕೆ ಬಂದ.

ಖಾಲಿ ಎಂದರೆ ಜನ ಇಲ್ಲ ಎಂದಷ್ಟೆ. ಕಾರಿನ ಚಾವಣಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಡಿಕ್ಕಿಯಲ್ಲಿ ಎರಡು ಸ್ಟೆಪ್ನಿ, ನೀರಿನ ಡ್ರಮ್ಮು, ಸಲಕರಣೆಯ ಮೂಟೆ, ಚಳಿಗಾಲದ ಹಿಮಸರಪಳಿ. ಜಿಪಾರ್ ಹೊರಗೆ ಬಂದು ನೋಡಿ, “ಅಣ್ಣಾ, ಮನೆ ಖಾಲಿ ಮಾಡ್ಕೊಂಡು ಹೊರಟ್ರಾ? ಒಲೆ ಎಲ್ಲಿ, ಮರೆತು ಬಂದ್ರಾ?” ಎಂದು ಅಣಕಿಸಿದಳು. ಬೇಡದ್ದೆಲ್ಲವನ್ನೂ ಅವಳ ಅಂಗಡಿಯ ಹಿಂದೆ ಇಳಿಸಿಯಾಯಿತು. ಕಲ್ಲುರಸ್ತೆಗೆ ಮೆತ್ತಗಿರಲಿ ಎಂದು ಅವನು ಟೈರಿನ ಗಾಳಿಯನ್ನು ತಗ್ಗಿಸಿಟ್ಟಿದ್ದ. ಅದನ್ನು ಸರಿಯಾಗಿ ತುಂಬಿಸಿದರು. ಇಂಜಿನ್ನು ಬಿಸಿಯಾಗಲಿ ಎಂದು ಅವನು ಸುಮ್ಮನೆ ಉರಿಸುತ್ತ ನಿಂತಿದ್ದಾಗ ಬುರ್ಮಕಾನ್ ಬಾಗಿಲು ಹಾಕಿಕೊಂಡು, ಅದು ನಿಂತಲ್ಲೇ ಬಿಸಿಯಾಗೋದಕ್ಕಿಂತ ಮೆಲ್ಲಗೆ ನಡೀತಾ ಬಿಸಿಯಾಗ್ಲಿ, ಹೊರಡು, ಎಂದರು.

ಘಾಟಿಯಲ್ಲಿ ಅವನು ಓಡಿಸಿದ ರೀತಿ ನೋಡಿ ಅವರಿಗೆ ದಿಗಿಲಾಯಿತು. ಮುಂದೆ ಲಾರಿ ಕಂಡರೆ ಸಾಕು, ಪೂರ್ತಿ ತುಳಿದು ಹಿಂದೆ ಹಾಕುತ್ತಿದ್ದ. ತಿರುವು ಬಂದಾಗ ಬ್ರೇಕು. ತಿರುವು ಮುಗಿಯುವ ಮೊದಲೇ ಮತ್ತೆ ತುಳಿತ. ಇಂಜಿನ್ನಿನಿಂದ ಸಣ್ಣದೊಂದು ಸಿಳ್ಳೆ ಬಿಡದೆ ಏಳುತ್ತಿತ್ತು. ಆ ಸಿಳ್ಳೆ ಟರ್ಬೊದ್ದು, ಅದು ಕೇಳಿಸಿದಷ್ಟು ಹೊತ್ತೂ ಕುಡೀತಿದೆ ಅಂತ ತಿಳ್ಕೊ, ಎಂದರು ಬುರ್ಮಕಾನ್. ಲಾರಿಯ ಹಿಂದೆ ದೂರ ಬಿಟ್ಟು ಎರಡನೇ ಗೇರಿನಲ್ಲಿ ಒಂದೇ ಹದದಲ್ಲಿ ಹತ್ತು ಎಂದು ಹೇಳಿಕೊಟ್ಟರು. ಹೇಳಿದಾಗ ಮಾಡುತ್ತಿದ್ದ. ಒಂದು ತಿರುವು ಕಳೆಯುವಷ್ಟರಲ್ಲಿ ಪಾದ ಮತ್ತೆ ತಾನಾಗಿ ಒತ್ತುತ್ತಿತ್ತು. ದಡ್ಡನಲ್ಲ, ಹಠಮಾರಿಯಲ್ಲ. ಕಾಲು ಅವನ ಮಾತು ಕೇಳುತ್ತಿರಲಿಲ್ಲ.

ಸುರಂಗದ ಕತ್ತಲು, ತೊಟ್ಟಿಕ್ಕುವ ನೀರು, ಹೊಗೆ. ಅದರಾಚೆ ಬೆಳಕು ಮುಖಕ್ಕೆ ಸುರಿಯಿತು. ಕೆಳಗೆ ಸುಸಾಮಿರ್ ಹಸಿರಾಗಿ, ಅಂಚೇ ಇಲ್ಲದಂತೆ ಬಿದ್ದುಕೊಂಡಿತ್ತು. ಮೋಡಗಳ ನೆರಳು ಹುಲ್ಲಿನ ಮೇಲೆ ಮಂದೆಯಂತೆ ಮೇಯುತ್ತ ಸಾಗುತ್ತಿತ್ತು. ಬುರ್ಮಕಾನ್ ಮೂರನೇ ಗೇರಿನಲ್ಲಿಟ್ಟು ಕಾಲು ಪೂರ್ತಿ ತೆಗೆಯಲು ಹೇಳಿದರು. ಮುಂದಿನ ಫಲಕದಲ್ಲಿ ಕ್ಷಣಕ್ಷಣದ ಖರ್ಚು ತೋರಿಸುವ ಅಂಕಿ ಇಳಿದು ಇಳಿದು ಸೊನ್ನೆಗೆ ಬಂದು ನಿಂತಿತು.

“ನೋಡು, ಈಗ ಅದು ಒಂದು ಹನೀನೂ ಕುಡೀತಿಲ್ಲ,” ಎಂದರು. “ಹತ್ತುವಾಗ ನೀನು ಬೆಟ್ಟಕ್ಕೆ ಕೊಟ್ಟಿದ್ದನ್ನ ಬೆಟ್ಟ ವಾಪಸು ಕೊಡ್ತಿದೆ. ಇಸ್ಕೊಳ್ಳೋಕೂ ಸಮಾಧಾನ ಬೇಕು.”

ತಿರುವು ದಾಟಿದರೆ ರಸ್ತೆ ತುಂಬ ಕುದುರೆಗಳು. ಮರಿಗಳ ಜತೆ ಹಿಂಡಿಗೆ ಹಿಂಡು, ಹೊಸ ಮೇವಿನ ಕಡೆಗೆ ಆರಾಮಾಗಿ ನಡೆಯುತ್ತಿತ್ತು. ಎಸೆನ್‌ಗುಲ್ ಹಾರ್ನು ಒತ್ತಿದ. ಮತ್ತೆ ಒತ್ತಿದ. ಬುರ್ಮಕಾನ್ ಅವನ ಕೈಯನ್ನು ಮೆಲ್ಲಗೆ ಸ್ಟಿಯರಿಂಗ್‌ನಿಂದ ಎತ್ತಿ ಅವನ ತೊಡೆಯ ಮೇಲಿಟ್ಟರು. ಹತ್ತಿಳಿದ ಗಾಡಿಗೆ ಒಂದು ನಿಮಿಷ ಆರಲು ಬಿಟ್ಟು, ಆಫ್ ಮಾಡಿಸಿದರು. ಗೊರಸಿನ ಸದ್ದು, ಗಾಳಿ, ಯಾವುದೋ ಮರಿಯ ಕೆನೆತ.

“ತಮ್ಮ, ಒಂದು ಕೇಳ್ತೀನಿ. ಯಾರು ನಿನ್ನ ಅಟ್ಟಿಸ್ಕೊಂಡು ಬರ್ತಿದಾರೆ?”

“ಯಾರೂ ಇಲ್ಲ ಎಜೆ.”

“ಇದಾರೆ. ನಿಂಗೆ ಗೊತ್ತಿಲ್ಲ, ನಿನ್ನ ಕಾಲಿಗೆ ಗೊತ್ತು.”

ಕುದುರೆಗಳು ಕನ್ನಡಿಯ ಪಕ್ಕದಲ್ಲೇ ಮೈ ಉಜ್ಜಿಕೊಂಡು ಹೋಗುತ್ತಿದ್ದವು. ಅವನು ಮೆಲ್ಲನೆ ಹೇಳತೊಡಗಿದ. ಆ ಊರಿನಲ್ಲಿ ವ್ಯಾನಿನ ಗಾಜಿಗೆ ಒಂದು ಫೋನು ಅಂಟಿಸಿರುತ್ತಿದ್ದರು. ಅವನು ಎಲ್ಲಿದ್ದಾನೆ, ಎಷ್ಟು ಬೇಗ ಹೋಗುತ್ತಿದ್ದಾನೆ ಎಲ್ಲವೂ ಅದಕ್ಕೆ ಗೊತ್ತಾಗುತ್ತಿತ್ತು. ತಡವಾದರೆ ಅದರೊಳಗಿಂದ ಒಂದು ಹೆಣ್ಣುದನಿ ಎಚ್ಚರಿಸುತ್ತಿತ್ತು, ಅದಕ್ಕೆ ತಕ್ಕಂತೆ ಸಂಬಳ ಮುರಿಯುತ್ತಿದ್ದರು. ಊಟ ಸ್ಟಿಯರಿಂಗ್ ಮೇಲೆಯೇ. ಒಂದು ಸಲ ಜ್ವರ ಬಂದು ರಸ್ತೆ ಬದಿ ನಿಲ್ಲಿಸಿದ್ದಾಗಲೂ ದನಿ ನಿಲ್ಲಲಿಲ್ಲ.

“ಈಗ್ಲೂ ಕೇಳುತ್ತೆ ಎಜೆ,” ಎಂದ. “ಕನಸಲ್ಲೂ ಬರುತ್ತೆ. ಅದರಲ್ಲಿ ಸಿಟ್ಟೂ ಇರಲ್ಲ. ತುಂಬ ನಯವಾಗಿ, ನಿಮಗೆ ತಡವಾಗುತ್ತಿದೆ ಅಂತ ಹೇಳುತ್ತೆ. ಬೆಗಾಯಿಮ್‌ನ ಮಲಗಿಸ್ತಿರುವಾಗ್ಲೂ ಕೇಳುತ್ತೆ.”

ಬುರ್ಮಕಾನ್‌ಗೆ ಗೇರಿನ ಪಾಠ ಗೊತ್ತು, ಇದು ಗೊತ್ತಿಲ್ಲ. ಇಳಿದು ಹೋಗಿ ಹಿಂಡಿನ ಹಿಂದೆ ಬರುತ್ತಿದ್ದ ಕುದುರೆಯವನ ಹತ್ತಿರ ಒಂದು ಬಟ್ಟಲು ಕುಮಿಸ್ ಈಸಿಕೊಂಡು ಬಂದರು. ಹುದುಗು ಬಂದ ಆ ಕುದುರೆ ಹಾಲನ್ನು ಅವನು ಒಂದೇ ಗುಟುಕಿಗೆ ಕುಡಿದ. ಹಿಂಡು ದಾಟಿತ್ತು, ರಸ್ತೆ ಖಾಲಿಯಾಗಿತ್ತು. ಅವನ ಕೈ ಕೀಲಿಯ ಕಡೆ ಹೋಯಿತು.

“ಬೇಡ, ಇರು,” ಎಂದರು ಬುರ್ಮಕಾನ್. “ಆಚೆ ಹುಲ್ಲಿದೆ. ಹೋಗಿ ಮಲ್ಕೊ. ನಾನು ಕೂತಿರ್ತೀನಿ. ಆ ಹೆಂಗಸು ಬಂದ್ರೆ ನಾನು ಮಾತಾಡ್ತೀನಿ.”

ಅವನು ನಕ್ಕ. ನಿಜಕ್ಕೂ ಹೋಗಿ ಮಲಗಿದ. ಹುಲ್ಲಿನಲ್ಲಿ ಬಿದ್ದವನು ಬಿಸಿಲು ನೆತ್ತಿಗೆ ಬಂದು ಆಚೆಗೆ ವಾಲುವವರೆಗೆ ಏಳಲಿಲ್ಲ. ಒಂದು ಮರಿಗುದುರೆ ಬಂದು ಅವನ ಬೂಟು ಮೂಸಿ ಹೋಯಿತು. ಬುರ್ಮಕಾನ್ ಕಾರಿನ ಬಾಗಿಲು ತೆಗೆದಿಟ್ಟುಕೊಂಡು ಕಾಲು ಹೊರಗೆ ಇಳಿಬಿಟ್ಟು ಕಾದರು. ಎದುರಿನಿಂದ ಬಂದ ಎರಡು ಗಾಡಿಯವರು ಕರೆದರೂ ಹೋಗಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತು ತಮಗೂ ವರ್ಷಗಳಾಗಿದ್ದವು ಎನ್ನುತ್ತಾರೆ. ಗಾಳಿಗೆ ಹುಲ್ಲು ಮಲಗಿ ಏಳುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ಡೇರೆಯ ಬಾಗಿಲಲ್ಲಿ ಕೂತು ನೋಡಿದ್ದೂ ಇದೇ.

ಎದ್ದ ಮೇಲೆ ವಾಪಸು ಬರುವ ದಾರಿಯಲ್ಲಿ ಅವನ ಕಾಲು ಮೊದಲ ಸಲ ಸುಮ್ಮನಿತ್ತು. ಪೂರ್ತಿ ಅಲ್ಲ, ಆಗಾಗ ಒತ್ತುತ್ತಿತ್ತು. ಒತ್ತಿದಾಗ ಬುರ್ಮಕಾನ್ ಹಿಂದೆ ತಿರುಗಿ ಗಾಜಿನಾಚೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದರು. ಅವನಿಗೆ ನಗು ಬಂದು ಪಾದ ಸಡಿಲವಾಗುತ್ತಿತ್ತು.

ಶನಿವಾರ ಗಿರಾಕಿ ಮನೆಗೆ ಬಂದಾಗ ಕಾರು ಅಲ್ಲಿರಲಿಲ್ಲ. ಎಸೆನ್‌ಗುಲ್ ಮತ್ತೆ ಘಾಟಿಯಲ್ಲಿದ್ದ. ಅವನ ಹೆಂಡತಿ ಬಂದವರಿಗೆ ರೊಟ್ಟಿ, ಬೆಣ್ಣೆ, ಚಹಾ ಕೊಟ್ಟು, ಊರಿನ ಸುದ್ದಿಯೆಲ್ಲ ಮಾತಾಡಿ, ಕಾರಿನ ವಿಷಯ ಎತ್ತದೆ ಕಳಿಸಿಕೊಟ್ಟಳು.

ಅವನ ಪಾದ ಒಂದೇ ದಿನಕ್ಕೆ ಬದಲಾಗಲಿಲ್ಲ. ಬೇಸಿಗೆಯುದ್ದಕ್ಕೂ ಬಿಡುವಾದಾಗಲೆಲ್ಲ ಬುರ್ಮಕಾನ್ ಪಕ್ಕ ಕೂತರು. ಕೆಲವು ಪ್ರಯಾಣಿಕರು ಇವನು ನಿಧಾನ ಎಂದು ಬೇರೆ ಗಾಡಿ ಹಿಡಿದರು. ಅದು ಅವನಿಗೆ ನೋವು ಮಾಡಿತು. ಆದರೆ ನಿಜವಾಗಿ ನೋಡಿದರೆ ಓಶ್ ಮುಟ್ಟಲು ತಡವಾಗುತ್ತಿದ್ದದ್ದು ಒಂದು ಬಟ್ಟಲು ಚಹಾ ಕುಡಿಯುವಷ್ಟು. ಹಸುಗೂಸಿನ ತಾಯಂದಿರು, ತಿರುವಿನಲ್ಲಿ ವಾಂತಿ ಬರುವ ಮುದುಕರು ಅವನ ಕಾರನ್ನೇ ಹುಡುಕಿಕೊಂಡು ಬರತೊಡಗಿದರು. ಹಿಂದಿನ ಸೀಟಿನವರು ನಿದ್ದೆ ಹೋಗುತ್ತಿದ್ದರು. ಹುಲ್ಲು ಹಳದಿಯಾಗುವ ಹೊತ್ತಿಗೆ ಕಾರು ಮೊದಲು ಕುಡಿಯುತ್ತಿದ್ದುದರಲ್ಲಿ ಮೂರರಲ್ಲೊಂದು ಪಾಲು ಬಿಟ್ಟಿತ್ತು. ಹೊಸ ಇಂಜಿನ್ನು ಹದಕ್ಕೆ ಬಂದದ್ದರ ಪಾಲೂ ಅದರಲ್ಲಿದೆ ಎಂದು ರಫ್ಕಾತ್ ಹೇಳುತ್ತಾನೆ. ಮಾರಿದವರು ಹೇಳಿದಷ್ಟಕ್ಕೆ ಅದು ಈಗಲೂ ಇಳಿದಿಲ್ಲ. ಆ ಲೆಕ್ಕ ಬೆಟ್ಟ ಇಲ್ಲದ ಊರಿನದು, ಬಿಟ್ಟುಬಿಡು, ಎಂದಿದ್ದಾರೆ ಬುರ್ಮಕಾನ್. ಆದರೆ ತೊಕ್ತೊಗುಲ್‌ನ ಪೆಟ್ರೋಲ್ ಬಂಕಿನ ಮುಂದೆ ಎಸೆನ್‌ಗುಲ್ ಈಗ ನಿಲ್ಲಿಸುವುದಿಲ್ಲ, ಕೈಬೀಸಿ ಹೋಗುತ್ತಾನೆ. ಚಳಿಗಾಲ ಬಂತು, ಅವನು ರಷ್ಯಾಕ್ಕೆ ಹೋಗಲಿಲ್ಲ. ಬೆಗಾಯಿಮ್ ಈಗ ಅಪ್ಪನನ್ನು ಹುಡುಕಬೇಕಾದರೆ ಅಂಗಳಕ್ಕೆ ಓಡಿ ಕಾರಿನ ಬಾಗಿಲು ಬಡಿಯುತ್ತಾಳೆ.

ಆ ದನಿ ಹೋಯಿತೇ ಎಂದು ಕೇಳಿದರೆ ಬುರ್ಮಕಾನ್ ತಲೆ ಅಲ್ಲಾಡಿಸುತ್ತಾರೆ. ಪೂರ್ತಿ ಹೋಗಿಲ್ಲವಂತೆ. “ಬರುತ್ತಂತೆ, ಕಡಿಮೆ ಬರುತ್ತಂತೆ. ಬಂದಾಗ ಇವನು ಒಂದು ಗೇರು ಇಳಿಸ್ತಾನಂತೆ.”

ಇವತ್ತಿನ ಬೆಳ್ಳನೆಯ ಕಾರು ಸುಸಾಮಿರ್ ಮುಟ್ಟುವಾಗ ಮಂಜು ಎಲ್ಲೂ ಇಲ್ಲ. ಬುರ್ಮಕಾನ್ ಇಳಿದು, ಚಾಲಕ ಕೊಟ್ಟ ಕಲ್ಲುಸಕ್ಕರೆಯ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ರಸ್ತೆ ಬದಿಯ ಬಂಡೆಯ ಮೇಲೆ ಕೂರುತ್ತಾರೆ. ಎದುರಿನಿಂದ ಗಾಡಿ ಬರಲು ಹೊತ್ತಿದೆ. ಏನಾದರೂ ಆಸೆ ಉಳಿದಿದೆಯೇ ಎಂಬ ಪ್ರಶ್ನೆಗೆ ಅವರು ರಸ್ತೆ ಆಚೆ ಬೆಟ್ಟದಲ್ಲಿ ಕರಗುವ ಕಡೆ ನೋಡುತ್ತಾರೆ. ಮಬ್ಬುಗಣ್ಣನ್ನು ಚೌಕದ ತುದಿಯಿಂದ ಒರೆಸಿಕೊಳ್ಳುತ್ತಾರೆ.

“ಇಷ್ಟು ಜನರನ್ನ ಓಶ್‌ಗೆ ಕಳಿಸಿದೀನಿ. ನಾನು ಇಲ್ಲಿಂದಾಚೆ ಹೋದವಳೇ ಅಲ್ಲ. ಹಾಲೂ ಇಲ್ಲಿತನಕಾನೇ ಇತ್ತು, ಆಲೂಗಡ್ಡೇನೂ ಇಲ್ಲಿತನಕಾನೇ. ಆ ಕಡೆ ಬಯಲಲ್ಲಿ ಹತ್ತಿ ಅರಳುತ್ತಂತೆ, ದಾಳಿಂಬೆ ಬೇಲಿ ಮೇಲೇ ಬಿಡುತ್ತಂತೆ. ಒಂದ್ಸಲ ಕೊನೇತನಕ ಹೋಗ್ಬೇಕು, ಹಿಂದಿನ ಸೀಟಲ್ಲಿ, ಬೇರೆಯವರ ಹಾಗೇನೇ. ಗೇರಿನ ವಿಷಯ ಒಂದು ಮಾತೂ ಆಡಬಾರದು ಅಂತ ಇದೆ.”

ಅವರ ಬಲಗಾಲು ತಾನಾಗಿ ಮೆಲ್ಲಗೆ ಏರಿ ಇಳಿಯುತ್ತದೆ.

“ಅದೊಂದು ಕಷ್ಟ.”